ಹಾವಿನ ಮರಿ ಸಿಕ್ಕಿದಾಗ

ಮುಂಗಾರು ಹಿಡಿದ ಮೊದಲ ವಾರ. ಹೊಳಲ್ಕೆರೆಯ ಕಡೆಯ ಹಳ್ಳಿಯೊಂದರಿಂದ ದಿನವೂ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಬರುವ ನಮ್ಮ ವಿದ್ಯಾರ್ಥಿಯೊಬ್ಬನು ಬೆಳಗಿನ ತರಗತಿಗೆ ಮೊದಲೇ ಪ್ರಯೋಗಶಾಲೆಯ ಬಾಗಿಲಿಗೆ ಬಂದು ನಿಂತನು. ಕೈಯಲ್ಲಿ ಉಪ್ಪಿನಕಾಯಿಯ ಗಾಜಿನ ಸೀಸೆ. ಅದರೊಳಗೆ ಗೇಣಿಗಿಂತ ತುಸು ಉದ್ದದ, ಪೆನ್ಸಿಲಿಗಿಂತ ತೆಳ್ಳಗಿನ, ಕಪ್ಪು ಮೈಯ ಮೇಲೆ ಬಿಳಿಯ ಪಟ್ಟೆಗಳಿದ್ದ ಹಾವಿನ ಮರಿ. ಮುಚ್ಚಳ ಬಿಗಿಯಾಗಿತ್ತು. ತಳದಲ್ಲಿ ಎರಡು ಚಮಚದಷ್ಟು ಹಾಲು ನಿಂತಿತ್ತು.

“ಸಾರ್, ಇದು ತೋಳಹಾವು, ವಿಷ ಇಲ್ಲ. ರಾತ್ರಿ ತೋಟದ ಮನೆ ಹತ್ತಿರ ಸಿಕ್ತು. ತಾಯಿ ಇಲ್ಲ ಪಾಪ. ಸ್ವಲ್ಪ ದೊಡ್ಡದಾಗೋವರೆಗೆ ಸಾಕಿ ಆಮೇಲೆ ಬಿಡೋಣ ಅಂತ” ಎಂದನು.

ಹಾವೆಂದೊಡನೆ ದೊಣ್ಣೆ ಹುಡುಕುವವರೇ ಹೆಚ್ಚಾಗಿರುವಾಗ ಇಂಥ ಕರುಣೆಯನ್ನು ಮೆಚ್ಚಬೇಕಾದುದೇ. ಆದರೆ ಆ ಸೀಸೆಯನ್ನು ಬೆಳಕಿಗೆ ಹಿಡಿದು ಮಸೂರದ ಮೂಲಕ ನೋಡಿದ ಮೇಲೆ ನಮಗೆ ಮಾತು ಹೊರಡಲಿಲ್ಲ. ನಾವು ಬೋಧಿಸುವುದು ಭೌತಶಾಸ್ತ್ರವನ್ನು. ಹಾವುಗಳ ವಿಷಯದಲ್ಲಿ ನಮ್ಮದು ಹವ್ಯಾಸಿಯ ತಿಳಿವಳಿಕೆಯಷ್ಟೆ. ಆದರೂ ಮರಿಯ ಬೆನ್ನಿನ ನಟ್ಟನಡುವೆ ಉದ್ದಕ್ಕೂ ಒಂದು ಸಾಲಿನ ಹುರುಪೆಗಳು ಅಕ್ಕಪಕ್ಕದವುಗಳಿಗಿಂತ ದೊಡ್ಡವಾಗಿ, ಆರು ಮೂಲೆಯುಳ್ಳವಾಗಿ ಕಾಣುತ್ತಿದ್ದವು. ತೋಳಹಾವಿಗೆ ಹಾಗೆ ಇರುವುದಿಲ್ಲ. ಅದು ಕಟ್ಟುಹಾವಿನ ಮರಿ. ನಮ್ಮ ದೇಶದ ಹಾವುಗಳಲ್ಲಿ ಅತ್ಯಂತ ತೀವ್ರವಾದ ವಿಷವುಳ್ಳವುಗಳಲ್ಲಿ ಅದೂ ಒಂದು. ಹುಡುಗನು ಹಿಂದಿನ ರಾತ್ರಿ ಅದನ್ನು ಬರಿಗೈಯಲ್ಲಿ ಎತ್ತಿ ಸೀಸೆಗೆ ಹಾಕಿದ್ದನು.

ಈ ಎರಡು ಹಾವುಗಳ ಹೋಲಿಕೆ ಅನೇಕರನ್ನು ಮೋಸಗೊಳಿಸಿದೆ. ಸಾಮಾನ್ಯವಾಗಿ ತೋಳಹಾವಿನ ಪಟ್ಟೆಗಳು ಕತ್ತಿನ ಬಳಿ ಸ್ಪಷ್ಟವಾಗಿದ್ದು ಬಾಲದ ಕಡೆಗೆ ಮಾಸುತ್ತವೆ. ಕಟ್ಟುಹಾವಿನ ಪಟ್ಟೆಗಳು ತೆಳುವಾಗಿ, ಬಹುಮಟ್ಟಿಗೆ ಜೋಡಿಜೋಡಿಯಾಗಿದ್ದು ಬಾಲದ ಕಡೆಗೆ ಸ್ಪಷ್ಟವಾಗುತ್ತವೆ. ಬಲಿತ ಹಾವುಗಳಲ್ಲಿ ಈ ನಿಯಮ ತಕ್ಕಮಟ್ಟಿಗೆ ನಡೆಯುತ್ತದೆ. ಮರಿಗಳಲ್ಲಿ ನಡೆಯುವುದಿಲ್ಲ. ಕಟ್ಟುಹಾವಿನ ಮರಿಗೆ ಮುಂಭಾಗದಲ್ಲಿಯೂ ಬಿಳಿಯ ಗುರುತುಗಳು ಇರಬಹುದು. ಬಣ್ಣವನ್ನು ನಂಬಿದವನು ಕೆಡುವುದು ಇಲ್ಲಿಯೇ. ಹುರುಪೆಯ ಆಕಾರ ನಂಬತಕ್ಕದ್ದು. ಆದರೆ ಅದನ್ನು ನೋಡುವಷ್ಟು ಹತ್ತಿರ ಹೋಗುವುದು ಬುದ್ಧಿವಂತಿಕೆಯಲ್ಲ. ನಮ್ಮ ನಡುವೆ ಗಾಜು ಇದ್ದುದರಿಂದ ಮಾತ್ರ ಅದು ಸಾಧ್ಯವಾಯಿತು.

ಹಗಲಿನಲ್ಲಿ ಕಟ್ಟುಹಾವು ಮಂಕಾಗಿ, ಸಾಧುವಾಗಿ ತೋರುತ್ತದೆ. ಅದರ ಚಟುವಟಿಕೆಯೆಲ್ಲ ಇರುಳಿನಲ್ಲಿ. ಕಚ್ಚಿದರೂ ಅನೇಕ ವೇಳೆ ನೋವು, ಬಾವು ಕಾಣುವುದಿಲ್ಲ, ಗಾಯದ ಗುರುತೂ ಸಿಕ್ಕುವುದಿಲ್ಲ. ಕೆಲವು ಗಂಟೆಗಳ ತರುವಾಯ ರೆಪ್ಪೆಗಳು ಜೋತು ಬೀಳುತ್ತವೆ, ಆಮೇಲೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಆದುದರಿಂದ “ಏನೂ ಆಗಿಲ್ಲ ಸಾರ್” ಎಂಬ ಅವನ ಮಾತನ್ನು ಒಪ್ಪದೆ ಅವನನ್ನು ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಒಂದು ಹಗಲು ಒಂದು ರಾತ್ರಿ ಇರಿಸಿಕೊಂಡು ನೋಡಿದರು. ಪುಣ್ಯಕ್ಕೆ ಅವನಿಗೆ ಕಚ್ಚಿರಲಿಲ್ಲ.

ಮುಂಗಾರಿನ ತಿಂಗಳುಗಳೇ ಹಾವಿನ ಮರಿಗಳ ಕಾಲ. ನಾಗರಹಾವು, ಕಟ್ಟುಹಾವು ಮೊದಲಾದವು ಬೇಸಗೆಯಲ್ಲಿ ಇಟ್ಟ ಮೊಟ್ಟೆಗಳು ಮಳೆ ಬೀಳುವ ಹೊತ್ತಿಗೆ ಒಡೆಯುತ್ತವೆ. ಕೊಳಕುಮಂಡಲವು ಮೊಟ್ಟೆಯಿಡದೆ ಮರಿಗಳನ್ನೇ ಈಯುತ್ತದೆ, ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವು ಸಲ ಅದಕ್ಕೂ ಹೆಚ್ಚು. ಹೊಸದುರ್ಗದ ತೆಂಗಿನ ತೋಟಗಳಲ್ಲಿ ಸಿಪ್ಪೆಯ ರಾಶಿ, ಹೊಳಲ್ಕೆರೆಯ ಅಡಿಕೆ ತೋಟಗಳಲ್ಲಿ ಕೊಳೆತ ಹಾಳೆ ಸೋಗೆಗಳ ಗುಡ್ಡೆ, ಹಿರಿಯೂರಿನ ಕಡೆ ವಾಣೀವಿಲಾಸ ಸಾಗರದ ನೀರು ಹರಿಯುವ ಕಾಲುವೆಯ ಬದಿ, ಚಿತ್ರದುರ್ಗದ ಕೋಟೆಯ ಸುತ್ತಲಿನ ಬಂಡೆಗಳ ಸಂದು, ಇವೆಲ್ಲ ಮರಿಗಳು ಕಣ್ಣಿಗೆ ಬೀಳುವಂಥ ಸ್ಥಳಗಳು.

ಆದರೆ ಚಿಕ್ಕದಾಗಿರುವ ಹಾವೆಲ್ಲ ಮರಿಯಲ್ಲ. ಹೂವಿನ ಕುಂಡದ ಮಣ್ಣಿನಲ್ಲಿ, ಬಚ್ಚಲಿನ ಮೂಲೆಯಲ್ಲಿ ಕಾಣುವ, ಎರೆಹುಳುವಿನಂತೆ ಹೊಳೆಯುವ ಕಪ್ಪು ಹುಳಹಾವು ಪೂರ್ಣವಾಗಿ ಬೆಳೆದಾಗಲೂ ಸುಮಾರು ೧೫ ಸೆಂಟಿಮೀಟರ್ ಉದ್ದವಷ್ಟೆ. ಅದು ವಿಷರಹಿತ; ಇರುವೆ, ಗೆದ್ದಲುಗಳ ಮರಿಗಳೇ ಅದರ ಆಹಾರ. ಆ ಜಾತಿಯಲ್ಲಿ ಗಂಡೇ ಇಲ್ಲ; ಹೆಣ್ಣುಗಳು ತಾವಾಗಿಯೇ ಫಲಿಸುವ ಮೊಟ್ಟೆಗಳನ್ನಿಡುತ್ತವೆ. ಹೀಗಾಗಿ ಗಿಡದ ಕುಂಡದಲ್ಲಿ ಒಂದೇ ಒಂದು ಹಾವು ಹಡಗು ಹತ್ತಿ ಹೋದರೂ ಹೊಸ ನಾಡಿನಲ್ಲಿ ಸಂತತಿ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆ ಗರಗಸ ಮಂಡಲ. ಕಲ್ಲುಗುಡ್ಡಗಳ ಒಣನೆಲವನ್ನು ಬಯಸುವ ಈ ಹಾವು ದಕ್ಷಿಣದಲ್ಲಿ ಬಲಿತರೂ ಅಡಿಗಿಂತ ತುಸು ಹೆಚ್ಚು ಉದ್ದವಷ್ಟೆ. ಅದನ್ನು ‘ಮರಿ’ ಎಂದು ಬಗೆದು ಕೈ ಚಾಚುವವನು ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುತ್ತಾನೆ. ಅದು ಮೈಯನ್ನು ಸುರುಳಿ ಸುತ್ತಿ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದ ಸದ್ದು ಮಾಡುತ್ತದೆ. ಆ ಸದ್ದು ಕೇಳಿಸಿದರೆ ಹಿಂದೆ ಸರಿಯತಕ್ಕದ್ದು.

ಕೊಳಕುಮಂಡಲದ ಮರಿಯ ಬೆನ್ನಿನ ಮೇಲೆ ಕಪ್ಪು ಅಂಚಿನ ಅಂಡಾಕಾರದ ಮಚ್ಚೆಗಳ ಮೂರು ಸಾಲು. ತಲೆ ತ್ರಿಕೋನ, ಕತ್ತು ಸಣ್ಣ. ಮಣ್ಣುಮುಕ್ಕ ಹಾವಿನ ಒಂದು ಜಾತಿಗೂ ಕಂದು ಮಚ್ಚೆಗಳಿರುವುದರಿಂದ ಅದನ್ನು ಮಂಡಲವೆಂದು ಹೊಡೆದು ಕೊಲ್ಲುವುದುಂಟು. ಅದಕ್ಕಿಂತ ಘೋರವಾಗಿ, ಮಂಡಲವನ್ನು ಮಣ್ಣುಮುಕ್ಕವೆಂದು ಎತ್ತಿಕೊಳ್ಳುವುದೂ ಉಂಟು. ಮಣ್ಣುಮುಕ್ಕದ ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡು ಅಸ್ತವ್ಯಸ್ತವಾಗಿರುತ್ತವೆ, ಬಾಲ ಗಿಡ್ಡ. ನಾಗರಹಾವಿನ ಮರಿ ಮೊಟ್ಟೆಯಿಂದ ಹೊರಬಂದ ಸ್ವಲ್ಪ ಹೊತ್ತಿಗೇ ಹೆಡೆ ಎತ್ತಬಲ್ಲದು. ಆದರೆ ಕಾಲುವೆಯ ಬದಿಯ ಬಡಪಾಯಿ ನೀರುಹಾವೂ ಹೆದರಿದಾಗ ಕತ್ತನ್ನು ಚಪ್ಪಟೆ ಮಾಡಿ ನಾಗರವೆಂಬ ಭ್ರಮೆ ಹುಟ್ಟಿಸುತ್ತದೆ. ಕೇರೆಹಾವಿನ ಮರಿಗೆ ಮುಂಭಾಗದಲ್ಲಿ ಅಡ್ಡಗೆರೆಗಳಿದ್ದು ದೊಡ್ಡದಾದಂತೆ ಮಾಯವಾಗುವುದರಿಂದ ಬಲಿತ ಕೇರೆಯನ್ನು ದಿನವೂ ನೋಡುವ ರೈತನೂ ಅದರ ಮರಿಯನ್ನು ಗುರುತಿಸಲಾರನು. ಗುರುತು ಹಿಡಿಯುವುದು ಒಳ್ಳೆಯ ವಿದ್ಯೆ. ದೂರದಿಂದ ಒಂದು ಚಿತ್ರ ತೆಗೆದುಕೊಂಡು ಬಲ್ಲವರನ್ನು ಕೇಳಿ ಕಲಿಯಬೇಕೇ ಹೊರತು, ಕಲಿತದ್ದನ್ನು ಕೈಯಿಂದ ಪರೀಕ್ಷಿಸಬಾರದು.

ಮರಿ ಹಾವಿಗೆ ವಿಷವಿಲ್ಲವೆಂದು ಕೆಲವರು, ಬಲಿತ ಹಾವಿಗಿಂತ ಮರಿಯೇ ಅಪಾಯಕಾರಿ ಎಂದು ಇನ್ನು ಕೆಲವರು ಹೇಳುತ್ತಾರೆ. ಮೊದಲನೆಯದು ಪೂರ್ತಿ ಸುಳ್ಳು. ಎರಡನೆಯದರಲ್ಲಿ ಅರ್ಧಸತ್ಯವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೨೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಳಕುಮಂಡಲದ ಮರಿಗಳ ವಿಷವು ಬಲಿತವುಗಳ ವಿಷಕ್ಕಿಂತ ತೀಕ್ಷ್ಣವೆಂದು ಕಂಡುಬಂದಿತು. ನಾಗರಹಾವಿನಲ್ಲಿ ವಯಸ್ಸಿನೊಡನೆ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಮರಿಯ ಬಳಿ ಇರುವ ವಿಷದ ಮೊತ್ತ ಬಹಳ ಕಡಮೆ. ಹೇಗೂ ಆಗಲಿ, ಮರಿ ಕಚ್ಚಿದರೂ ಚಿಕಿತ್ಸೆ ಅದೇ. ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು ಎಲ್ಲವೂ ಹಾನಿಕರ. ಕಚ್ಚಿದ ಅಂಗವನ್ನು ಅಲುಗಿಸದೆ ೧೦೮ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು. ೨೦೦೦ದಿಂದ ೨೦೧೯ರವರೆಗೆ ನಮ್ಮ ದೇಶದಲ್ಲಿ ಸುಮಾರು ೧೨ ಲಕ್ಷ ಜನ ಹಾವು ಕಚ್ಚಿ ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ವಿಷಯವೆಂದು ಘೋಷಿಸಿತು.

ಇನ್ನು ಸೀಸೆಯ ಸಂಗತಿ. ಇಲ್ಲಿ ನಾವು ನಮ್ಮ ಶಾಸ್ತ್ರದ ನೆಲದ ಮೇಲೆ ನಿಂತಿದ್ದೇವೆ.

ಒಂದು ಮೀಟರ್ ಉದ್ದದ ಹಾವನ್ನೂ, ಅದೇ ಆಕಾರದ ೨೫ ಸೆಂಟಿಮೀಟರ್ ಉದ್ದದ ಮರಿಯನ್ನೂ ಊಹಿಸಿಕೊಳ್ಳಿ. ಉದ್ದ ನಾಲ್ಕರಲ್ಲೊಂದು ಪಾಲಾದಾಗ ಮೈಯ ಹೊರಮೈ ಹದಿನಾರರಲ್ಲೊಂದು ಪಾಲಾಗುತ್ತದೆ. ತೂಕವಾದರೋ ಅರುವತ್ತನಾಲ್ಕರಲ್ಲೊಂದು ಪಾಲು. ಎಂದರೆ ಒಂದೊಂದು ಗ್ರಾಂ ಮಾಂಸಕ್ಕೆ ಮರಿಗೆ ದೊರೆತಿರುವ ಚರ್ಮ ತಾಯಿಯದರ ನಾಲ್ಕರಷ್ಟು. ಶಾಖ ಒಳಹೊಕ್ಕುವುದೂ ನೀರು ಆವಿಯಾಗಿ ಹೊರಹೋಗುವುದೂ ಈ ಚರ್ಮದ ಮೂಲಕವೇ. ಆದ್ದರಿಂದ ಬಲಿತ ಹಾವು ತಾಳಿಕೊಳ್ಳುವ ಬಿಸಿಲಿನಲ್ಲಿ ಮರಿ ಬೇಗ ಕಾಯುತ್ತದೆ, ಬೇಗ ಒಣಗುತ್ತದೆ. ಹಾವಿಗೆ ನಮ್ಮಂತೆ ಒಳಗಿನ ಒಲೆಯಿಲ್ಲ, ಬೆವರೂ ಇಲ್ಲ. ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಹರಿದಾಡುವುದೇ ಅದು ಮೈಯ ಉಷ್ಣತೆಯನ್ನು ಹದದಲ್ಲಿಡುವ ಉಪಾಯ. ಸೀಸೆಯಲ್ಲಿ ಹರಿದಾಡುವುದೆಲ್ಲಿಗೆ? ಬಸ್ಸಿನ ಕಿಟಕಿಯ ಬಿಸಿಲು ಗಾಜನ್ನು ದಾಟಿ ಒಳಬರುತ್ತದೆ. ಕಾದ ಗಾಳಿ ಮೇಲೆದ್ದು ಹೊರಗೆ ಹೋಗಲು ಮುಚ್ಚಳ ಬಿಡುವುದಿಲ್ಲ. ಮೈಯ ಉಷ್ಣತೆ ೪೦ ಡಿಗ್ರಿ ಸೆಂಟಿಗ್ರೇಡ್ ದಾಟಿ ಏರುತ್ತ ಹೋದರೆ ಬಹುತೇಕ ಹಾವುಗಳು ಬದುಕುವುದು ಕಷ್ಟ. ಅಂದು ಮೋಡ ಕವಿದಿದ್ದುದೇ ಆ ಮರಿಯನ್ನು ಉಳಿಸಿತೆಂದು ನಾವು ತಿಳಿಯುತ್ತೇವೆ.

ತಾನಾಗಿಯೇ ಇರುವ ಹಾವು ಸ್ಥಳವನ್ನು ಎಷ್ಟು ಚೆನ್ನಾಗಿ ಆರಿಸುತ್ತದೆಂಬುದಕ್ಕೆ ೧೯೮೯ರಲ್ಲಿ ಪ್ರಕಟವಾದ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಡೆದ ಅಧ್ಯಯನವೊಂದು ಸೊಗಸಾದ ಸಾಕ್ಷಿ. ಅಲ್ಲಿಯ ಗಾರ್ಟರ್ ಹಾವುಗಳು ತೆಳುವಾದ ಕಲ್ಲನ್ನೂ ತೀರ ದಪ್ಪ ಬಂಡೆಯನ್ನೂ ಬಿಟ್ಟು, ೨೦ರಿಂದ ೪೦ ಸೆಂಟಿಮೀಟರ್ ದಪ್ಪದ ಕಲ್ಲುಗಳ ಕೆಳಗೇ ಹೆಚ್ಚಾಗಿ ಸೇರುತ್ತಿದ್ದವು. ತೆಳುಗಲ್ಲು ಹಗಲಿನಲ್ಲಿ ಸುಡುತ್ತದೆ, ಇರುಳಿನಲ್ಲಿ ಆರಿಹೋಗುತ್ತದೆ. ದಪ್ಪ ಬಂಡೆಯ ಅಡಿಗೆ ಬಿಸಿ ಇಳಿಯುವುದೇ ಇಲ್ಲ. ನಡುವಣ ಕಲ್ಲಿನ ಅಡಿಯಲ್ಲಿ ಮಾತ್ರ ಹಗಲಿರುಳೂ ಹದವಾದ ಬೆಚ್ಚಗೆ. ದುರ್ಗದ ಗುಡ್ಡಗಳಲ್ಲಿ ಸಂಜೆ ಬಂಡೆಯ ಮೇಲೆ ಕುಳಿತು ಅದರ ಬಿಸುಪನ್ನು ಅನುಭವಿಸಿದವರಿಗೆ ಈ ಲೆಕ್ಕ ಕೂಡಲೇ ಅರ್ಥವಾಗುತ್ತದೆ. ಹೊಲದ ಕಲ್ಲುಬದುವಿನಲ್ಲಿ ಎಲ್ಲ ದಪ್ಪದ ಕಲ್ಲುಗಳೂ ಇರುತ್ತವೆ. ಯಾವ ಪಂಜರದಲ್ಲಿ ಇಷ್ಟು ಆಯ್ಕೆಯನ್ನು ಒದಗಿಸಬಲ್ಲೆವು?

ಹಾಲಿನ ಮಾತು. ಹಾವು ಸ್ತನಿಯಲ್ಲ, ಹಾಲು ಅದರ ಆಹಾರವೂ ಅಲ್ಲ, ಅದು ಜೀರ್ಣವಾಗುವುದೂ ಇಲ್ಲ. ಬಾಯಾರಿದ ಹಾವು ಹಾಲಿಗೆ ಬಾಯಿ ಹಚ್ಚುವುದು ಅದರಲ್ಲಿರುವ ನೀರಿಗಾಗಿ. ಹುಟ್ಟಿದ ಮರಿಯಂತೂ ಹಸಿದಿರುವುದೇ ಇಲ್ಲ. ಮೊಟ್ಟೆಯ ಭಂಡಾರದ ಶೇಷವನ್ನು ಹೊಟ್ಟೆಯೊಳಗೆ ಎಳೆದುಕೊಂಡೇ ಅದು ಹೊರಬರುತ್ತದೆ. ಸಾಮಾನ್ಯವಾಗಿ ವಾರ, ಹತ್ತು ದಿನಗಳಲ್ಲಿ ಮೊದಲ ಪೊರೆ ಕಳಚುವವರೆಗೆ ಆಹಾರವನ್ನು ಹುಡುಕುವುದೇ ಇಲ್ಲ. ‘ತಾಯಿ ಇಲ್ಲ’ ಎಂಬುದು ನಿಜ. ಆದರೆ ಅದು ದುರ್ದೈವವಲ್ಲ. ನಾಗರಹಾವು ಮೊಟ್ಟೆಗಳನ್ನು ಕಾಯುತ್ತದೆ, ಮರಿಗಳನ್ನು ಸಲಹುವುದಿಲ್ಲ. ಒಂಟಿಯಾಗಿರುವುದೇ ಹಾವಿನ ಮರಿಯ ಸಹಜಸ್ಥಿತಿ.

ಹೀಗಿರುವಾಗ ಆರೈಕೆಯೆಂದರೆ ಏನು? ತೋಟದಲ್ಲೋ ಗುಡ್ಡದಲ್ಲೋ ಕಂಡ ಮರಿಯ ತಂಟೆಗೆ ಹೋಗದೆ ದೂರ ಸರಿಯುವುದು. ಮನೆಯೊಳಗೆ ಬಂದರೆ ಮಕ್ಕಳನ್ನೂ ನಾಯಿಬೆಕ್ಕುಗಳನ್ನೂ ಹೊರಗೆ ಕಳುಹಿಸಿ, ದೂರದಿಂದ ಅದರ ಮೇಲೆ ಕಣ್ಣಿಟ್ಟು, ಅರಣ್ಯ ಇಲಾಖೆಗೆ ತಿಳಿಸುವುದು. ಇಲಾಖೆಯ ಸಹಾಯವಾಣಿಯ ಸಂಖ್ಯೆ ೧೯೨೬. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಹಾವುಗಳನ್ನು ಅನುಮತಿಯಿಲ್ಲದೆ ಹಿಡಿದು ಸಾಕುವುದು, ಉದ್ದೇಶ ಒಳ್ಳೆಯದಾದರೂ, ಅಪರಾಧ. ನಮ್ಮ ಸೀಸೆಯನ್ನು ಮುಟ್ಟದೆ, ನೆರಳಿನಲ್ಲಿ ಒದ್ದೆಬಟ್ಟೆ ಸುತ್ತಿ ಇರಿಸಿದ್ದೆವು. ಮಧ್ಯಾಹ್ನ ಇಲಾಖೆಯವರು ಬಂದು ತೆಗೆದುಕೊಂಡು ಹೋಗಿ, ಅದು ಸಿಕ್ಕಿದ ತೋಟಕ್ಕೆ ಸಮೀಪದ ಕಲ್ಲುಬದುವಿನಲ್ಲಿ ಸಂಜೆ ಬಿಟ್ಟರು. ದೂರದ ಕಾಡಿಗೆ ಒಯ್ಯಲಿಲ್ಲ. ಗುರುತಿಲ್ಲದ ನೆಲದಲ್ಲಿ ಬಿಟ್ಟ ಹಾವಿಗೆ ಅಡಗುವ ತಾಣ ತಿಳಿಯುವುದಿಲ್ಲ.

ಆಸ್ಪತ್ರೆಯಿಂದ ಮರಳಿದ ಹುಡುಗನು ಮರುವಾರ ಇನ್ನೊಂದು ಪ್ರಶ್ನೆ ತಂದನು: ಸಿಪ್ಪೆಯ ರಾಶಿಯಲ್ಲಿ ಮೊಟ್ಟೆಗಳೇ ಸಿಕ್ಕಿದರೆ? ಅವುಗಳನ್ನು ಕದಲಿಸಬಾರದು. ಕೋಳಿಮೊಟ್ಟೆಯನ್ನು ಆಗಾಗ ಹೊರಳಿಸಬೇಕು; ಹಾವಿನ ಮೊಟ್ಟೆಯನ್ನು ಹೊರಳಿಸಿದರೆ ಒಳಗೆ ಚಿಪ್ಪಿನ ಪೊರೆಗೆ ಅಂಟಿಕೊಂಡಿರುವ ಭ್ರೂಣ ಸಾಯಬಹುದು. ತಾಯಿಹಾವು ಹತ್ತಿರದಲ್ಲೇ ಇರಬಹುದಾದ್ದರಿಂದ ಕೆದಕಿದ ಸಿಪ್ಪೆಯನ್ನು ಮತ್ತೆ ಮುಚ್ಚಲೂ ಕೈಹಾಕದೆ ಹಿಂದೆ ಸರಿದು, ಮೊಟ್ಟೆಗಳು ಒಡೆಯುವ ಎರಡು ತಿಂಗಳ ಕಾಲ ಆ ರಾಶಿಯನ್ನು ಬಿಟ್ಟು ಬೇರೆ ರಾಶಿಯಿಂದ ಸಿಪ್ಪೆ ತೆಗೆಯಬೇಕೆಂದು ಅವನಿಗೆ ಹೇಳಿದೆವು.