ಮನೆಯೊಳಗಿನ ನುಸಿ, ಮನೆಗೆ ಬರುವ ಉಣುಗು

ಕಳೆದ ಬೇಸಿಗೆಯಲ್ಲಿ ಹೊನ್ನಾವರದ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳು ಆರೋಗ್ಯ ಇಲಾಖೆಯ ಕರಪತ್ರವೊಂದನ್ನು ಓದುತ್ತ, ‘ಅಜ್ಜ, ಉಣ್ಣೆ ಕಚ್ಚುತ್ತದೆಯೆ? ಅದು ಸ್ವೆಟರು ಹೆಣೆಯುವುದಲ್ಲವೆ?’ ಎಂದು ಕೇಳಿದಳು. ನಾನು ನಕ್ಕೆ. ಆಮೇಲೆ ಯೋಚಿಸಿದಾಗ ಅದು ನಕ್ಕು ಬಿಡುವ ಪ್ರಶ್ನೆಯಲ್ಲವೆನಿಸಿತು. ಕುರಿಯ ಮೈಯ ತುಪ್ಪಳವೂ ದನದ ರಕ್ತ ಹೀರುವ ಜಂತುವೂ ನಮ್ಮ ನುಡಿಯಲ್ಲಿ ಒಂದೇ ಹೆಸರಿನವು. ನುಸಿಯ ಕಥೆಯೂ ಅಷ್ಟೇ: ಅಕ್ಕಿಯಲ್ಲಿ ಹರಿದಾಡುವುದೂ ನುಸಿ, ಸಂಜೆ ಮುಖಕ್ಕೆ ಮುತ್ತುವುದೂ ನುಸಿ, ತೆಂಗಿನ ಎಳೆಗಾಯಿಯನ್ನು ಕೆಡಿಸುವುದೂ ನುಸಿ. ಹೆಸರು ಒಂದಾದಲ್ಲಿ ಉಪಾಯವೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ಕೈಗೆ ಸಿಕ್ಕ ಪುಡಿಯನ್ನೆರಚಿ ನಾವು ನಿಶ್ಚಿಂತರಾಗುತ್ತೇವೆ.

ಪ್ರಾಣಿಶಾಸ್ತ್ರದ ವಿಂಗಡಣೆ ಬೇರೆ. ಅಕ್ಕಿಯ ಹುಳಕ್ಕೆ ಆರು ಕಾಲು, ಅದು ಕೀಟ. ನಿಜವಾದ ನುಸಿಯೂ ಉಣುಗೂ ಜೇಡ, ಚೇಳುಗಳ ಬಂಧುಗಳು. ಮೊಟ್ಟೆಯಿಂದ ಹೊರಬಂದ ಮರಿಗೆ ಆರೇ ಕಾಲಿದ್ದರೂ ಬೆಳೆದ ಮೇಲೆ ಎಂಟು. ಆದರೆ ಕಣ್ಣಿಗೇ ಕಾಣದ ಜೀವಿಯ ಕಾಲನ್ನು ಎಣಿಸುವವರಾರು? ಆದುದರಿಂದ ಅದರ ವಾಸಸ್ಥಾನದಿಂದಲೇ ಅದನ್ನು ಗುರುತಿಸಬೇಕು. ನಮ್ಮ ಕಡೆಯ ಮನೆಗಳಲ್ಲಿ ಅಂಥ ಸ್ಥಾನಗಳು ಮುಖ್ಯವಾಗಿ ಮೂರು: ಹಾಸಿಗೆ, ಮೈ ಮತ್ತು ಕೊಟ್ಟಿಗೆ.

ಹಾಸಿಗೆಯ ನುಸಿ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಿರುತ್ತದೆ. ಅದು ಕಚ್ಚುವುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ಅದರ ಮಲದ ಕಣಗಳು ಉಸಿರಿನೊಡನೆ ಒಳಹೊಕ್ಕಾಗ ಕೆಲವರಿಗೆ ಸೀನು, ದಮ್ಮು ಶುರುವಾಗುತ್ತವೆ. ಮನೆಯ ಧೂಳಿನ ಈ ದೋಷಕ್ಕೆ ನುಸಿಯೇ ಮೂಲವೆಂದು 1964ರಲ್ಲಿ ಹಾಲೆಂಡಿನ ಲೈಡನ್ನಿನ ಸಂಶೋಧಕರು ತೋರಿಸಿದರು. ಈ ಜೀವಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಭಟ್ಕಳ, ಹೊನ್ನಾವರ, ಕುಮಟಾಗಳ ಹತ್ತಿಯ ಹಾಸಿಗೆ ಅದಕ್ಕೆ ಅರಮನೆಯೇ ಸರಿ. ವಿಷ ಸಿಂಪಡಿಸಿದ ಹಾಸಿಗೆಯಲ್ಲಿ ಮಲಗಬೇಕಾದವರು ನಾವೇ ಎಂಬುದನ್ನು ಮರೆಯಲಾಗದು. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಕೈ ತಾಳದಷ್ಟು ಬಿಸಿಯಾದ ನೀರಿನಲ್ಲಿ ಒಗೆಯುವುದು, ಬಿಸಿಲು ಬಿದ್ದ ದಿನ ಹಾಸಿಗೆಯನ್ನು ಅಂಗಳಕ್ಕೆ ಹಾಕುವುದು, ದಿಂಬಿಗೆ ಒತ್ತಾದ ನೇಯ್ಗೆಯ ಚೀಲ ತೊಡಿಸುವುದು: ಇವೇ ಮದ್ದು. ಹಾಸಿಗೆಯನ್ನು ಕೊಡವುವಾಗ ದಮ್ಮಿನವರು ದೂರವಿರಬೇಕು.

ಎರಡನೆಯದು ಕಜ್ಜಿಯ ನುಸಿ. ಇದು ಚರ್ಮದ ಮೇಲುಪದರದಲ್ಲೇ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಬೆರಳ ಸಂದು, ಮಣಿಕಟ್ಟು, ಸೊಂಟಗಳಲ್ಲಿ ತುರಿಕೆ. ಅದೂ ರಾತ್ರಿ ಹೆಚ್ಚು. ರಕ್ತ ಕೆಟ್ಟಿತೆಂದು ಪಥ್ಯ ಹಿಡಿಯುವವರು ಇಂದಿಗೂ ಇದ್ದಾರೆ. ಆದರೆ ಇದಕ್ಕೆ ಕಾರಣ ನುಸಿಯೆಂದು ಇಟಲಿಯ ಬೊನೊಮೊ 1687ರಷ್ಟು ಹಿಂದೆಯೇ ಬರೆದಿದ್ದ. ಇಲ್ಲಿ ನಾವು ಮಾಡುವ ತಪ್ಪು ಒಂದೇ: ತುರಿಸಿಕೊಳ್ಳುವ ಮಗುವಿಗೆ ಮಾತ್ರ ಮುಲಾಮು ಹಚ್ಚುವುದು. ತುರಿಕೆ ತೋರಲು ಕೆಲವು ವಾರಗಳೇ ಬೇಕಾಗುವುದರಿಂದ, ವೈದ್ಯರು ಹೇಳಿದ ಔಷಧವನ್ನು ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು. ಅವರು ಹೇಳಿದಂತೆ ಮತ್ತೊಮ್ಮೆ ಹಚ್ಚಬೇಕು. ಬಟ್ಟೆಗಳನ್ನೂ ಅಂದೇ ಬಿಸಿನೀರಿನಲ್ಲಿ ಒಗೆಯಬೇಕು.

ಮೂರನೆಯದು ನುಸಿಯ ಹಿರಿಯ ದಾಯಾದಿ, ಉಣುಗು, ಗ್ರಂಥಭಾಷೆಯ ಉಣ್ಣೆ. ಕೆಚ್ಚಲಿಗಂಟಿದ ಉಣ್ಣೆ ಕುಡಿಯುವುದು ರಕ್ತವನ್ನೇ ಹೊರತು ಹಾಲನ್ನಲ್ಲವೆಂಬ ದೃಷ್ಟಾಂತ ಕನ್ನಡಿಗರಿಗೆ ಹೊಸದಲ್ಲ. ಅದು ರಕ್ತವನ್ನು ಕೊಳ್ಳುವುದಷ್ಟೇ ಅಲ್ಲ, ಪ್ರತಿಯಾಗಿ ರೋಗವನ್ನು ಕೊಡುವುದೂ ಉಂಟೆಂಬುದು ನಮಗೆ ತಿಳಿದದ್ದು 1957ರಲ್ಲಿ. ಆ ವರ್ಷ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಊರುಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು, ಇದು ಹೊಸ ವೈರಸ್ಸೆಂದೂ ಉಣುಗೇ ಇದರ ವಾಹಕವೆಂದೂ ಕಂಡುಹಿಡಿದರು. ಅದೇ ಮಂಗನ ಕಾಯಿಲೆ. ಘಟ್ಟವಿಳಿದು ನಮ್ಮ ತಾಲೂಕುಗಳ ಕಾಡಂಚಿಗೂ ಅದು ಬಂದಿದೆ. ತಗುಲಿದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ಅದನ್ನು ನಿಲ್ಲಿಸಲಾಗಿದೆ. ರೋಗಿಯಿಂದ ಮತ್ತೊಬ್ಬರಿಗೆ ಇದು ಹರಡುವುದಿಲ್ಲವೆಂಬುದೊಂದೇ ಸಮಾಧಾನ.

ಎಷ್ಟೋ ವರ್ಷಗಳ ಹಿಂದೆ, ನಮ್ಮ ಕೊಟ್ಟಿಗೆಗೆ ಸೊಪ್ಪಿನ ಬೆಟ್ಟದಿಂದ ದರಕು ಹೊತ್ತು ತರುತ್ತಿದ್ದ ಹೆಂಗಸೊಬ್ಬರು ಜ್ವರ ಬಂದು ಮಲಗಿದರು. ಬಿಸಿಲಿನ ಜ್ವರವೆಂದು ಅವರೂ ಹೇಳಿದರು, ನಾವೂ ನಂಬಿದೆವು. ಆಸ್ಪತ್ರೆ ಸೇರುವ ಹೊತ್ತಿಗೆ ಆರು ದಿನ ಕಳೆದಿತ್ತು. ಅವರು ಬದುಕಿಕೊಂಡರು, ಆದರೆ ಮತ್ತೆ ತಲೆಹೊರೆ ಹೊರುವಂತಾಗಲು ತಿಂಗಳುಗಳೇ ಬೇಕಾದವು. ದರಕು ನಮ್ಮ ದನಗಳ ಕಾಲಡಿಗೆ, ಜ್ವರ ಅವರ ಪಾಲಿಗೆ! ಆ ಋಣದ ಭಾರ ನನ್ನ ಮನಸ್ಸಿನಿಂದ ಇಳಿದಿಲ್ಲ.

ಡಿಸೆಂಬರಿನಿಂದ ಮೇ ತಿಂಗಳವರೆಗೆ ಎಳ್ಳಿನ ಗಾತ್ರದ ಎಳೆಯ ಉಣುಗುಗಳು ಒಣಗಿದೆಲೆಗಳ ನಡುವೆ ಕಾದಿರುತ್ತವೆ. ದರಕು ಗುಡಿಸುವ ಕಾಲವೂ ಅದೇ. ಮಂಗ ಸತ್ತ ಕಡೆಯಿಂದ ಆ ಕಾಲದಲ್ಲಿ ಎಲೆ ತರಲೇಬಾರದು. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು; ಹೆಣದಿಂದ ಇಳಿದ ಉಣುಗುಗಳು ಸುತ್ತಲೂ ಹರಡಿರುತ್ತವೆ. ಕಾಡಿಗೆ ಹೋಗಲೇಬೇಕಾದವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿಗೇ ಹಾಕಬೇಕು. ಬಾಲ್ಯದಲ್ಲಿ ನಾವು ಉಣುಗನ್ನು ಕಿತ್ತು ಉಗುರಿನಲ್ಲಿ ಅರೆದು ಶೌರ್ಯ ಮೆರೆಯುತ್ತಿದ್ದೆವು, ಅದು ಸಲ್ಲದು. ಚಿಮಟದಿಂದ ಚರ್ಮಕ್ಕೆ ತಾಗಿದಂತೆಯೇ ಹಿಡಿದು, ನೇರವಾಗಿ ಮೆಲ್ಲನೆ ಎಳೆದು, ಆ ಜಾಗವನ್ನು ಸಾಬೂನಿನಿಂದ ತೊಳೆಯಬೇಕು. ದನಗಳ ಮೈಯ ಉಣುಗಿಗೆ ಪಶುವೈದ್ಯರ ಔಷಧವುಂಟು. ಕಾಡಿಗೆ ಹೋಗಿಬಂದವರಿಗೆ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿದರೆ ಅಂದೇ ವೈದ್ಯರಲ್ಲಿಗೆ ಹೋಗಿ, ‘ಕಾಡಿಗೆ ಹೋಗಿದ್ದೆ’ ಎಂಬ ಮಾತನ್ನು ಮೊದಲು ಹೇಳಬೇಕು. ಈ ರೋಗಕ್ಕೆಂದೇ ಬೇರೆ ಔಷಧವಿಲ್ಲ. ಸಕಾಲದ ಆರೈಕೆಯೇ ಜೀವ ಉಳಿಸುವುದು.

ಮೊಮ್ಮಗಳನ್ನು ಕೊಟ್ಟಿಗೆಗೆ ಕರೆದೊಯ್ದು ಹಸುವಿನ ಕಿವಿಯ ಹಿಂದೆ ಅಂಟಿದ್ದ ಉಣುಗೊಂದನ್ನು ದೂರದಿಂದಲೇ ತೋರಿಸಿದೆ. ‘ಇಷ್ಟೇನಾ?’ ಎಂದಳು. ಇಷ್ಟೇ. ಆದರೆ ಅಂದು ಇದರ ಹೆಸರು ನಮಗೆ ನೆನಪಾಗಿದ್ದರೆ ದರಕು ತರುತ್ತಿದ್ದವರ ಆರು ದಿನ ಉಳಿಯುತ್ತಿತ್ತು.