ಎಣ್ಣೆಯ ಮಂಜನ್ನು ಹಿಡಿಯುವ ಡಬ್ಬಿ

ಎಂಜಿನ್ನಿನ ಸಿಲಿಂಡರಿನಲ್ಲಿ ಪಿಸ್ಟನ್ನು ಎಷ್ಟೇ ಬಿಗಿಯಾಗಿ ಕುಳಿತಿದ್ದರೂ, ಅದರ ಉಂಗುರಗಳನ್ನು ದಾಟಿ ಸ್ವಲ್ಪ ಅನಿಲವು ಕೆಳಕ್ಕೆ ನುಸುಳದೆ ಇರುವುದಿಲ್ಲ. ನಾಲ್ಕು ಹೊಡೆತದ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 25 ಸಲ ದಹನ ನಡೆಯುತ್ತದೆ. ಒಂದೊಂದು ಸಲ ನುಸುಳುವುದು ಅತ್ಯಲ್ಪವಾದರೂ, ಅದೆಲ್ಲವೂ ಕೆಳಗಿನ ಕ್ರ್ಯಾಂಕ್ ಕೋಶದಲ್ಲಿ ಕೂಡುತ್ತ ಹೋಗುತ್ತದೆ. ಹೊರದಾರಿಯಿಲ್ಲದಿದ್ದರೆ ಅಲ್ಲಿ ಒತ್ತಡವು ಬೆಳೆದು, ಸಂದುಗಳ ಸೀಲುಗಳನ್ನು ನೂಕಿಕೊಂಡು ಎಣ್ಣೆ ಹೊರಕ್ಕೆ ಬರುವುದು.

ಹಿಂದೆ ಈ ಅನಿಲವನ್ನು ಒಂದು ಕೊಳವೆಯ ಮೂಲಕ ರಸ್ತೆಗೇ ಬಿಡುತ್ತಿದ್ದರು. ಲಾಸ್ ಏಂಜಲೀಸ್ ನಗರದ ಹೊಗೆಮಂಜಿಗೆ ಇದೂ ಒಂದು ಕಾರಣವೆಂದು ತಿಳಿದ ಬಳಿಕ, ಕ್ಯಾಲಿಫೋರ್ನಿಯದಲ್ಲಿ 1961ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಅದನ್ನು ಎಂಜಿನ್ನಿಗೇ ಹಿಂದಿರುಗಿಸಿ ಸುಡುವ ಏರ್ಪಾಡು ಬಂದಿತು. ಆದರೆ ಈ ಅನಿಲವು ಒಂಟಿಯಾಗಿ ಬರುವುದಿಲ್ಲ. ತಿರುಗುವ ದಂಡವು ಎರಚಿದ ಎಣ್ಣೆಯ ಸೂಕ್ಷ್ಮ ಹನಿಗಳನ್ನೂ ನೀರಿನ ಆವಿಯನ್ನೂ ಜೊತೆಗೆ ತರುತ್ತದೆ.

ಟರ್ಬೋಚಾರ್ಜರುಳ್ಳ ಎಂಜಿನ್ನಿನಲ್ಲಿ ಈ ತೊಂದರೆ ಹೆಚ್ಚು. ಅಲ್ಲಿ ಹೊರಹೋಗುವ ಹೊಗೆಯ ಬಲದಿಂದ ಒಂದು ಚಕ್ರವು ತಿರುಗಿ, ಒಳಬರುವ ಗಾಳಿಯನ್ನು ಒತ್ತಿ ತುಂಬುತ್ತದೆ. ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿದಂತೆಲ್ಲ ಉಂಗುರಗಳ ಪಕ್ಕದ ಸೋರಿಕೆಯೂ ಹೆಚ್ಚುವುದು. ಟರ್ಬೋವಿನ ಮುಂದೆ ಸೇರಿದ ಎಣ್ಣೆಯು, ಒತ್ತಿದ ಗಾಳಿಯನ್ನು ತಂಪುಗೊಳಿಸುವ ಇಂಟರ್‌ಕೂಲರಿನ ಒಳಗೋಡೆಗೆ ಮೆತ್ತಿಕೊಂಡು ಶಾಖದ ಸಾಗಾಟಕ್ಕೆ ಅಡ್ಡಿಯಾಗುತ್ತದೆ. ಸಿಲಿಂಡರಿನೊಳಕ್ಕೇ ಪೆಟ್ರೋಲನ್ನು ಚಿಮ್ಮಿಸುವ ಎಂಜಿನ್ನುಗಳಲ್ಲಿ ಕವಾಟಗಳನ್ನು ತೊಳೆಯಲು ಇಂಧನವೇ ಸಿಗದ್ದರಿಂದ, ಅವುಗಳ ಮೇಲೆ ಎಣ್ಣೆ ಕರಿಕಟ್ಟಿ ಗಟ್ಟಿಯಾಗುತ್ತದೆ. ಎಣ್ಣೆ ಬೆರೆತ ಮಿಶ್ರಣವು ಅಕಾಲದಲ್ಲಿ ಸಿಡಿಯುವ ಸಂಭವವೂ ಉಂಟು.

ಇದಕ್ಕೆ ಪರಿಹಾರವಾಗಿ ದಾರಿಯ ನಡುವೆ ಒಂದು ಡಬ್ಬಿಯನ್ನು ಕೂಡಿಸುತ್ತಾರೆ. ಇದರ ತತ್ತ್ವವು ಸರಳ. ಬಸ್ಸು ತಟ್ಟನೆ ತಿರುಗಿದಾಗ ನಿಂತವರು ಹೊರಬದಿಗೆ ವಾಲುವುದಿಲ್ಲವೇ? ಹಾಗೆಯೇ ಅಡ್ಡಹಲಗೆಗಳ ನಡುವೆ ಅನಿಲವು ತಿರುಗಿ ಹೋಗುವಾಗ, ಭಾರವಾದ ಹನಿಗಳು ಜಡತ್ವದ ದೆಸೆಯಿಂದ ನೇರವಾಗಿ ಸಾಗಿ ಹಲಗೆಗೆ ಬಡಿದು ಅಂಟಿಕೊಳ್ಳುತ್ತವೆ. ಇನ್ನೂ ಚಿಕ್ಕ ಹನಿಗಳನ್ನು ತಂತಿಬಲೆಯ ಉಂಡೆ ಹಿಡಿಯುವುದು. ಕುದಿಯುವ ಪಾತ್ರೆಯ ತಣ್ಣನೆಯ ಮುಚ್ಚಳದಲ್ಲಿ ನೀರು ಕೂಡುವಂತೆ, ಆವಿಯೂ ತಂಪಾದ ಡಬ್ಬಿಯ ಗೋಡೆಯ ಮೇಲೆ ದ್ರವವಾಗುತ್ತದೆ. ಆದುದರಿಂದ ಡಬ್ಬಿಯನ್ನು ಟರ್ಬೋವಿನ ಕಾವಿನಿಂದ ದೂರ, ಗಾಳಿ ಬೀಸುವೆಡೆಯಲ್ಲಿ ಬಿಗಿಯಬೇಕು. ಒಳಗೆ ಹಲಗೆಯಾಗಲಿ ಬಲೆಯಾಗಲಿ ಇಲ್ಲದ ಬರಿಯ ಡಬ್ಬಿಯಿಂದ ಹೆಚ್ಚು ಪ್ರಯೋಜನವಿಲ್ಲ.

ಜೋಡಿಸುವಾಗ ಮುಖ್ಯವಾಗಿ ಗಮನಿಸಬೇಕಾದುದು ಒತ್ತಡದ ದಿಕ್ಕನ್ನು. ಎಂಜಿನ್ನು ಹಗುರವಾಗಿ ನಡೆಯುವಾಗ ಒಳಹರಿವಿನ ಕೊಳವೆಯಲ್ಲಿ ವಾತಾವರಣಕ್ಕಿಂತ ಕಡಿಮೆ ಒತ್ತಡವಿದ್ದು, ಅನಿಲವು ಅತ್ತ ಎಳೆಯಲ್ಪಡುತ್ತದೆ. ಟರ್ಬೋ ಗಾಳಿಯನ್ನು ಒತ್ತತೊಡಗಿದೊಡನೆ ಅದೇ ಕೊಳವೆಯಲ್ಲಿ ಒತ್ತಡವು ವಾತಾವರಣವನ್ನು ಮೀರುವುದು. ಆಗ ಗಾಳಿಯು ಹಿಮ್ಮುಖವಾಗಿ ಡಬ್ಬಿಗೂ ಕ್ರ್ಯಾಂಕ್ ಕೋಶಕ್ಕೂ ನುಗ್ಗದಂತೆ ನಡುವೆ ಏಕಮುಖ ಕವಾಟವಿರಲೇಬೇಕು. ಅನಿಲಕ್ಕೆ ಟರ್ಬೋವಿನ ಹಿಂಬದಿಯ ಗಾಳಿಕೊಳವೆಗೆ ಮತ್ತೊಂದು ದಾರಿ ತೆರೆದಿರಬೇಕು. ರಬ್ಬರು ಕೊಳವೆಗಳು ಎಣ್ಣೆಗೆ ಕೆಡದಂಥವಾಗಿರಬೇಕು; ಮಡಿಚಿಕೊಂಡಿರಲೂ ಬಾರದು.

ಡಬ್ಬಿ ತುಂಬಿದರೆ ಅಥವಾ ಬಲೆ ಕಟ್ಟಿಕೊಂಡರೆ, ನಾವು ತಪ್ಪಿಸಹೊರಟ ಅಪಾಯವೇ ಎದುರಾಗುತ್ತದೆ. ಟರ್ಬೋವಿನ ಬೇರಿಂಗುಗಳಿಗೆ ಬಂದ ಎಣ್ಣೆ ಕೇವಲ ತನ್ನ ಭಾರದಿಂದಲೇ ಕೆಳಗೆ ಇಳಿಯುತ್ತದೆ. ಕ್ರ್ಯಾಂಕ್ ಕೋಶದಲ್ಲಿ ಒತ್ತಡ ಏರಿದರೆ ಅದು ಇಳಿಯಲಾರದೆ ಟರ್ಬೋವಿನ ಸೀಲುಗಳನ್ನು ದಾಟಿ ಹೊಗೆಯಾಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಡಬ್ಬಿಯೊಳಗಿನ ನೀರು ಹೆಪ್ಪುಗಟ್ಟಿ ದಾರಿಯನ್ನೇ ಮುಚ್ಚಬಹುದು. ಆದುದರಿಂದ ಜೋಡಿಸಿದ ಹೊಸತರಲ್ಲಿ ಆಗಾಗ ತೆರೆದು ನೋಡಿ, ಎಷ್ಟು ದಿನಕ್ಕೆ ಎಷ್ಟು ಸೇರುತ್ತದೆಂಬುದನ್ನು ತಿಳಿದುಕೊಳ್ಳುವುದು ಲೇಸು. ಬಸಿದ ದ್ರವದಲ್ಲಿ ನೀರೂ ಪೆಟ್ರೋಲೂ ಆಮ್ಲಗಳೂ ಬೆರೆತಿರುವುದರಿಂದ ಅದನ್ನು ಮರಳಿ ಎಂಜಿನ್ನಿಗೆ ಸುರಿಯಬಾರದು. ಹಳೆಯ ಎಣ್ಣೆಯನ್ನು ಕೊಳ್ಳುವವರಿಗೆ ಒಪ್ಪಿಸಬೇಕು.

ಕೆಲವರು ಡಬ್ಬಿಯ ಹೊರಬಾಯನ್ನು ಬಯಲಿಗೇ ಬಿಟ್ಟು ಕೆಲಸ ಸುಲಭವಾಯಿತೆನ್ನುತ್ತಾರೆ. ಇದು ನಮ್ಮ ದೇಶದ ನಿಯಮಗಳಿಗೂ ವಿರುದ್ಧ, ನೆರೆಹೊರೆಯವರ ಉಸಿರಿಗೂ ಕೇಡು. ಎಣ್ಣೆಯನ್ನು ಹಿಡಿದಿಟ್ಟು ಅನಿಲವನ್ನು ಎಂಜಿನ್ನಿಗೆ ಮರಳಿಸುವುದೇ ಡಬ್ಬಿಯ ಕೆಲಸ; ಇವೆರಡರಲ್ಲಿ ಒಂದನ್ನೇ ಮಾಡಿದರೆ ಅದು ಅರ್ಧ ಕೆಲಸ ಮಾತ್ರ.