ಅಳತೆ ಕಳೆದುಕೊಳ್ಳದ ಪ್ರದರ್ಶನ

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷಾರಂಭದ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ನೆರೆಯಿಸುವ ಚಿತ್ರಸಂತೆಯಲ್ಲಿ, ಕಲಾವಿದನು ತನ್ನ ಕೃತಿಗಳ ಪಕ್ಕದಲ್ಲಿಯೇ ನಿಂತು, ಬಂದವರ ಪ್ರಶ್ನೆಗಳಿಗೆ ಉತ್ತರಿಸಿ, ಚೌಕಾಸಿಯನ್ನೂ ನಗುಮೊಗದಿಂದ ಸಹಿಸಿ, ಸಂಜೆಗೆ ಮಾರಾಟವಾಗದೆ ಉಳಿದುದನ್ನು ಸುತ್ತಿಕೊಂಡು ಊರಿಗೆ ಮರಳುವ ಕ್ರಮವು ಎಷ್ಟು ರೂಢಿಯಾಗಿತ್ತೆಂದರೆ, ರಸ್ತೆಯಿಲ್ಲದೆಯೂ ಸಂತೆ ನಡೆದೀತೆಂದು ಯಾರೂ ಎಣಿಸಿರಲಿಲ್ಲ. ಮಹಾಮಾರಿಯ ಕಾಲದಲ್ಲಿ ಅದೂ ನಡೆಯಿತು. 2021ರ ಜನವರಿ 3ರಂದು 18ನೆಯ ಚಿತ್ರಸಂತೆಯು, ಕೊರೊನಾ ಯೋಧರಿಗೆ ಅರ್ಪಿತವಾಗಿ, ಅಂತರಜಾಲದಲ್ಲಿ ತೆರೆದುಕೊಂಡಿತು. ಅದಕ್ಕೆ ತುಸು ಮುನ್ನ, 2020ರ ಡಿಸೆಂಬರಿನಲ್ಲಿ, ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯು ಕಟ್ಟಡದ ಬಾಗಿಲು ತೆರೆಯುವ ಮೊದಲೇ ಅಂತರಜಾಲದಲ್ಲಿ ಉದ್ಘಾಟನೆಗೊಂಡಿತ್ತು. ಜನರು ಅದರ ಮೆಟ್ಟಿಲು ಹತ್ತಿದುದು 2023ರ ಫೆಬ್ರವರಿಯಲ್ಲಿ.

ಕೊಡಗಿನಲ್ಲಿ ಕುಳಿತು ಕೈಕೆಲಸ ಮಾಡುವವರಿಗೆ ಈ ಬದಲಾವಣೆಯು ಒಂದು ಬಗೆಯಲ್ಲಿ ವರವೇ ಆಗಿತ್ತು. ಮಡಿಕೇರಿಯಿಂದ 250 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕ್ರಮಿಸಿ, ಕಾಫಿ ಕೊಯ್ಲಿನ ಭರಾಟೆಯ ಜನವರಿಯಲ್ಲಿ ತೋಟವನ್ನೂ ಮನೆಯನ್ನೂ ಬಿಟ್ಟು ರಾಜಧಾನಿಯ ರಸ್ತೆಬದಿಯಲ್ಲಿ ನಿಲ್ಲುವುದು ಎಲ್ಲರಿಗೂ ಸಾಧ್ಯವಾದ ಕಾರ್ಯವಲ್ಲ. 2020ರಲ್ಲಿ ಮಡಿಕೇರಿ ದಸರೆಯೂ ಸರಳವಾಗಿ ಮುಗಿದುದರಿಂದ, ಅದರ ಮೆರವಣಿಗೆಯ ದಶಮಂಟಪಗಳ ಸಿದ್ಧತೆಯಲ್ಲಿ ತಿಂಗಳುಗಟ್ಟಲೆ ತೊಡಗಿರುತ್ತಿದ್ದ ಕೈಗಳಿಗೆ ಕೆಲಸವಿರಲಿಲ್ಲ. ಆದರೆ ಜಾಲವು ಕರೆದ ಮಾತ್ರಕ್ಕೆ ಹೋಗಬಲ್ಲೆವೆ? 2021ರಲ್ಲಿಯೇ, ಶನಿವಾರಸಂತೆಯ ಬಳಿಯ ಮುಳ್ಳೂರಿನ ಸರಕಾರಿ ಶಾಲೆಯ ಶಿಕ್ಷಕರೊಬ್ಬರು, ನೆಟ್‌ವರ್ಕ್ ಸಿಗದೆ, ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವುದಕ್ಕಾಗಿ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಕುಳಿತರೆಂದ ಮೇಲೆ, ಹತ್ತು ಚಿತ್ರಗಳ ದೊಡ್ಡ ಕಡತವನ್ನು ಕಳುಹಿಸುವವರ ಪಾಡನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ.

ನೆಟ್‌ವರ್ಕಿನ ತೊಡಕು ಇಂದಲ್ಲ ನಾಳೆ ನೀಗತಕ್ಕದ್ದು. ಅದಕ್ಕಿಂತ ಗಹನವಾದ ತೊಡಕೆಂದರೆ, ತೆರೆಯ ಮೇಲೆ ಎಲ್ಲ ವಸ್ತುಗಳೂ ಒಂದೇ ಗಾತ್ರಕ್ಕೆ ಇಳಿಯುವುದು. ಗೋಡೆಯನ್ನೆಲ್ಲ ಆವರಿಸುವ ತೈಲಚಿತ್ರವೂ ಅಂಗೈಯಲ್ಲಿ ಅಡಗುವ ಜಲವರ್ಣವೂ ಸಮನಾದ ಚೌಕಗಳಲ್ಲಿ ಸಾಲಾಗಿ ನಿಂತಾಗ, ದೊಡ್ಡದರ ಗಾಂಭೀರ್ಯವೂ ಚಿಕ್ಕದರ ಸೌಕುಮಾರ್ಯವೂ ಏಕಕಾಲಕ್ಕೆ ಲೋಪವಾಗುತ್ತವೆ. ಕೆಳಗೆ ಇಷ್ಟು ಅಂಗುಲವೆಂದು ಅಚ್ಚುಹಾಕಿದರೆ ಸಾಲದು. ಅಂಕಿಯನ್ನು ಓದಿ ಗಾತ್ರವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವ ನೋಡುಗರು ವಿರಳ. ಮಾಡಿದವರ ಕೈಯೇ ಆ ವಸ್ತುವನ್ನು ಹಿಡಿದಿರುವ ಒಂದು ಚಿತ್ರವನ್ನು ಪಕ್ಕದಲ್ಲಿಟ್ಟರೆ ಅಳತೆಯು ತಾನಾಗಿಯೇ ತಿಳಿಯುತ್ತದೆ.

ಕೊಡವ ಮನೆಗಳ ಹಳೆಯ ಕಸೂತಿಯನ್ನೇ ನೋಡೋಣ. ಬಿಳಿಯ ಹತ್ತಿಬಟ್ಟೆಯ ಮೇಲೆ ಕೆಂಪು ನೂಲು. ಗೀಟು ಎಳೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಹಾಯಿಸಿದುದು. ನುರಿತವರು ಹಾಕಿದ ಕಸೂತಿಯಲ್ಲಿ ಗಂಟು ಕಾಣದು, ನೂಲಿನ ತುದಿ ಇಣುಕದು. ಬಟ್ಟೆಯನ್ನು ಮಗುಚಿದರೆ ಒಳಬದಿಯಲ್ಲಿಯೂ ಅದೇ ವಿನ್ಯಾಸ. ಹಿರಿಯ ಹೆಂಗಸರು ಈ ಕೆಲಸವನ್ನು ಪರೀಕ್ಷಿಸುವಾಗ ಮೊದಲು ಬಟ್ಟೆಯನ್ನು ಮಗುಚುತ್ತಾರೆ, ಆಮೇಲೆ ಬೆಳಕಿಗೆ ಹಿಡಿಯುತ್ತಾರೆ. ಹೀಗಿರುವಾಗ, ಮುಂಬದಿಯ ಒಂದೇ ಚಿತ್ರವನ್ನು ಜಾಲಕ್ಕೇರಿಸಿ ಇದು ಕಸೂತಿಯೆಂದರೆ, ಯಂತ್ರದಲ್ಲಿ ಹೊಲಿದುದಕ್ಕೂ ಇದಕ್ಕೂ ಇರುವ ಅಂತರವು ದೂರದ ನೋಡುಗನಿಗೆ ತಿಳಿಯುವುದಾದರೂ ಹೇಗೆ? ಹಿಂಬದಿಯನ್ನೂ ತೋರಿಸಬೇಕು, ಬೆರಳು ಬಟ್ಟೆಯನ್ನು ಮಗುಚುವ ಕ್ಷಣವನ್ನೂ ತೋರಿಸಬೇಕು.

ಬೆಳಕಿನ ವಿಷಯದಲ್ಲಿ ಕೊಡಗು ಭಾಗ್ಯಶಾಲಿ. ಮಳೆಗಾಲದ ಕಕ್ಕಡ ಮಾಸದ ಮೋಡ ಕವಿದ ಹಗಲು, ನೆರಳಿಲ್ಲದ, ಸಮನಾಗಿ ಹರಡಿದ ಬೆಳಕನ್ನು ಬಾಗಿಲ ಬಳಿಗೇ ತಂದುಕೊಡುತ್ತದೆ. ನಗರದ ಛಾಯಾಗ್ರಾಹಕನು ಬಿಳಿಯ ಪರದೆಗಳನ್ನು ಕಟ್ಟಿ ಸಂಪಾದಿಸುವುದು ಇದನ್ನೇ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಬೆಳ್ಳಿಯ ಕೆಲಸಕ್ಕೆ ಈ ಬೆಳಕು ಬಹಳ ಹಿತ. ಬಿಸಿಲಿನಲ್ಲಿ ಬೆಳ್ಳಿಯು ಕಣ್ಣು ಕುಕ್ಕಿ ಕೆತ್ತನೆಯನ್ನೇ ನುಂಗಿಬಿಡುತ್ತದೆ. ಅಯ್ಯಪ್ಪನ ದೇವರಕಾಡುಗಳಲ್ಲಿ ಹರಕೆಯಾಗಿ ಒಪ್ಪಿಸುವ ಮಣ್ಣಿನ ನಾಯಿಗಳಿಗೆ ಮಾತ್ರ ಈ ಬೆಳಕು ಸಲ್ಲದು: ಆವೆಮಣ್ಣಿನ ಮೇಲೆ ಉಳಿದ ಬೆರಳಿನ ಗುರುತು ಕಾಣಬೇಕಾದರೆ ಒಂದು ಪಕ್ಕದಿಂದ ಓರೆಯಾಗಿ ದೀಪ ಬೀಳಬೇಕು. ಅದೇ ಕಕ್ಕಡದ ತೇವವು ಕಾಗದವನ್ನು ಸುರುಳಿಸುತ್ತದೆ, ಕ್ಯಾಮೆರಾದ ಮಸೂರಕ್ಕೆ ಬೂಸ್ಟು ಹಿಡಿಸುತ್ತದೆ; ಆದುದರಿಂದ ಚಿತ್ರ ತೆಗೆದ ಕೂಡಲೆ ಕೃತಿಯನ್ನೂ ಉಪಕರಣವನ್ನೂ ಬೆಚ್ಚನೆಯ, ಒಣಗಿದ ಸ್ಥಳಕ್ಕೆ ಸಾಗಿಸಬೇಕು.

ಇವೆಲ್ಲ ಯಾರಿಗೆ ಗೊತ್ತು? ಮಾಡಿದವರಿಗೆ ಗೊತ್ತು. ಜಾಲದ ಪ್ರದರ್ಶನವೆಂದರೆ ಕೃತಿಗಳನ್ನು ತಂತ್ರಜ್ಞನೊಬ್ಬನ ಮೇಜಿನ ಮೇಲೆ ಇಳಿಸಿ ಹಿಂದಿರುಗುವುದೆಂದು ಭಾವಿಸಿದಲ್ಲೆಲ್ಲ ಪ್ರದರ್ಶನವು ಸಪ್ಪೆಯಾಗುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರದರ್ಶನಕ್ಕೆ ಕೂಡಿದ ಗುಂಪಿನವರೆಲ್ಲ ಒಂದು ಐನ್‌ಮನೆಯ, ಎಂದರೆ ಕುಲದ ಮೂಲಮನೆಯ, ಜಗಲಿಯಲ್ಲಿಯೋ ಊರಿನ ಸಮಾಜದ ಕಟ್ಟಡದಲ್ಲಿಯೋ ಸೇರಿ, ಒಬ್ಬರು ಬಟ್ಟೆ ಹಿಡಿದು, ಇನ್ನೊಬ್ಬರು ದೀಪ ಸರಿಸಿ, ಮತ್ತೊಬ್ಬರು ಬಣ್ಣವು ತೆರೆಯ ಮೇಲೆ ನಿಜದಂತೆ ಬಂದಿದೆಯೇ ಎಂದು ಕೃತಿಯನ್ನು ಪಕ್ಕದಲ್ಲಿಯೇ ಇಟ್ಟುಕೊಂಡು ಹೋಲಿಸಿ ನೋಡುವಾಗ, ಯಾರ ಕೃತಿ ಯಾರದರ ನೆರೆಯಲ್ಲಿ ನಿಲ್ಲಬೇಕೆಂಬ ಚರ್ಚೆಯೂ ಅಲ್ಲಿಯೇ ಹುಟ್ಟುತ್ತದೆ. ಸಮೂಹ ಪ್ರದರ್ಶನದ ಪ್ರಾಣವು ಆ ಚರ್ಚೆಯಲ್ಲಿದೆ. ಬಿದಿರಿನ ಬುಟ್ಟಿ ಹೆಣೆಯುವವನನ್ನು ಜಲವರ್ಣದವನ ಜೊತೆಗೆ ಸಮಾನವಾಗಿ ಕುಳ್ಳಿರಿಸುವ ಅವಕಾಶವನ್ನು ನಗರದ ಗ್ಯಾಲರಿಗಳು ಅಪರೂಪಕ್ಕೆ ಕೊಟ್ಟಿವೆ. ವಿವರಣೆಯ ಚೀಟಿಯನ್ನು ಮೊದಲು ಕನ್ನಡದಲ್ಲಿ ಬರೆಯಲಿ. ಮಾಡಿದವನೇ ಅದನ್ನು ಓದಿ ಸರಿಯೆಂದು ಒಪ್ಪಲಿ.

ಚಿತ್ರಸಂತೆಯು 2022ರಲ್ಲಿ ರಸ್ತೆಗೆ ಮರಳಿತು, ಮರಳಿದುದು ಯುಕ್ತವೇ. ಆದರೆ ರಸ್ತೆಗಾಗಲಿ ಗ್ಯಾಲರಿಗಾಗಲಿ ಎಂದೂ ಬರಲಾರದ ಕೃತಿಗಳೂ ನಮ್ಮಲ್ಲಿ ಉಂಟು. ಕಕ್ಕಬ್ಬೆಯ ಸಮೀಪ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ದೊಡ್ಡವೀರರಾಜೇಂದ್ರನು 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆಯ ಗೋಡೆ ಮತ್ತು ಮಾಳಿಗೆಗಳ ವರ್ಣಚಿತ್ರಗಳು ಅಂಥವು. ಕತ್ತೆತ್ತಿ ನೋಡಬೇಕಾದ ಮಾಳಿಗೆಯ ಚಿತ್ರವನ್ನು ತೆರೆಯ ಮೇಲೆ ಕಣ್ಣಿನ ಎತ್ತರಕ್ಕೆ ಇಳಿಸಬಹುದು. ಮಾಸಿದ ಗೆರೆಯನ್ನು ಹಿಗ್ಗಿಸಿ ಓದಬಹುದು. ಜಿಲ್ಲೆಯ ಚಿತ್ರಕಾರರ ಗುಂಪೊಂದು ಪ್ರಾಚ್ಯವಸ್ತು ಇಲಾಖೆಯ ಅನುಮತಿ ಪಡೆದು, ಡಿಸೆಂಬರಿನ ಒಣಹವೆಯಲ್ಲಿ ಏಣಿ, ಅಳತೆಪಟ್ಟಿ, ಶಾಖವಿಲ್ಲದ ಎರಡು ದೀಪಗಳೊಡನೆ ಅಲ್ಲಿಗೆ ಹೋಗಿ, ಗೋಡೆಗೆ ಕೈ ತಾಕಿಸದೆ, ಅಂಕಣ ಅಂಕಣವಾಗಿ ಆ ಚಿತ್ರಗಳನ್ನು ಸೆರೆಹಿಡಿದು, ಪ್ರತಿಯೊಂದು ಚಿತ್ರವೂ ನೆಲದಿಂದ ಎಷ್ಟು ಎತ್ತರದಲ್ಲಿದೆ, ಯಾವ ಬಾಗಿಲಿನ ಎದುರಿಗಿದೆ ಎಂಬುದನ್ನು ಬರೆದಿಟ್ಟರೆ, ಕೊಡಗಿನ ಜಾಲಪ್ರದರ್ಶನವೊಂದಕ್ಕೆ ಅದಕ್ಕಿಂತ ಯೋಗ್ಯವಾದ ವಸ್ತುವನ್ನು ನಾನು ಕಾಣೆ.